ಎಲ್ಲಿ ಸಿಕ್ಕಿತು ಅಂತ ಮೊದಲು ಬರೆದಿಡಿ

ಕಲಬುರಗಿಯಲ್ಲಿ ರೈತರು, ಶಾಲಾ ಶಿಕ್ಷಕರು, ಕಾಲೇಜು ಹುಡುಗ ಹುಡುಗಿಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಗೆ ಜನ ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಕಲ್ಲು ಇಟ್ಟಿದ್ದೇನೆ. ಹಿಂದೆ ಕೂತವರಿಗೆ ಕಾಣಿಸಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಅಂಗೈ ಉದ್ದ ಇದೆ. ಬಣ್ಣ ಕಪ್ಪು, ಬಿಸಿಲಿಗೆ ಹಿಡಿದರೆ ಸ್ವಲ್ಪ ಹಸಿರು. ಒಂದು ತುದಿ ಮೊನಚು, ಇನ್ನೊಂದು ತುದಿ ಅಗಲ. ಅಗಲ ತುದಿಯನ್ನು ಮಸೆದು ಮಸೆದು ಬಾಯಿ ಮಾಡಿದ್ದಾರೆ. ಬೆರಳು ಆಡಿಸಿದರೆ ಇವತ್ತಿಗೂ ನುಣುಪು. ಒಂದು ಮೂಲೆಯಲ್ಲಿ ಸಣ್ಣ ಚಕ್ಕೆ ಹಾರಿದೆ. ಕೆಲಸ ಮಾಡುವಾಗಲೇ ಹಾರಿರಬೇಕು. ಇದು ನವಶಿಲಾಯುಗದ ಕೊಡಲಿ. ಕಬ್ಬಿಣ ಬರುವುದಕ್ಕೂ ಮೊದಲು ನಮ್ಮ ಭಾಗದಲ್ಲಿ ದನ ಸಾಕಿಕೊಂಡು, ಹುರುಳಿ, ಹೆಸರು ಬೆಳೆದುಕೊಂಡಿದ್ದ ಜನ ಕೈಯಲ್ಲಿ ಹಿಡಿದ ಸಾಮಾನು.

ಇದು ನನ್ನ ಹತ್ತಿರ ಹೇಗೆ ಬಂತು ಅಂತ ಹೇಳಬೇಕು. ಕಾಲೇಜಿನಲ್ಲಿ ಓದುವಾಗ ಮೂವರು ಗೆಳೆಯರು ಸೇರಿ ಸುರಪುರದ ಕಡೆ ಹೋಗಿದ್ದೆವು. ಬೆಳಗಿನಿಂದ ಸಂಜೆ ತನಕ ಗುಡ್ಡ, ಹಳ್ಳ, ಹೊಲ ಅಂತ ಸುತ್ತಿದೆವು. ಎಲ್ಲೋ ಒಂದು ಕಡೆ ಇದು ಕಣ್ಣಿಗೆ ಬಿತ್ತು. ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಬರುವಾಗ ಹತ್ತು ಸಲ ತೆಗೆದು ನೋಡಿದೆ. ಮನೆಗೆ ಬಂದು ಕಪಾಟಿನಲ್ಲಿ ಇಟ್ಟೆ. ಒಂದು ಚೀಟಿ ಬರೆಯಲಿಲ್ಲ.

ಈಗ ನನ್ನನ್ನು ಕೇಳಿ, ಯಾವ ಊರಿನದು ಅಂತ. ಗೊತ್ತಿಲ್ಲ. ಹಳ್ಳದ ದಂಡೆಯದ್ದಾ, ಗುಡ್ಡದ ಬುಡದ್ದಾ, ಬೂದಿ ದಿಬ್ಬದ ಪಕ್ಕದ್ದಾ? ಗೊತ್ತಿಲ್ಲ. ಜೊತೆಗಿದ್ದ ಗೆಳೆಯರನ್ನು ಕೇಳಿದೆ. ಒಬ್ಬ ಒಂದು ಊರು ಹೇಳಿದ, ಇನ್ನೊಬ್ಬ ಬೇರೆ ಊರು ಹೇಳಿದ. ಸುರಪುರ ಸೀಮೆಯಲ್ಲಿ ಬೂದಿಹಾಳ, ಕೊಡೇಕಲ್ ಇವೆ. ಆ ಜನ ದನ ಕೂಡಿಹಾಕುತ್ತಿದ್ದ ಜಾಗಗಳಲ್ಲಿ ಸಗಣಿ ಸುಟ್ಟು ಸುಟ್ಟು ದೊಡ್ಡ ಬೂದಿ ದಿಬ್ಬಗಳೇ ಆಗಿವೆ. ನನ್ನ ಕೊಡಲಿ ಅಂಥ ದಿಬ್ಬದ ಮಗ್ಗುಲಲ್ಲಿ ಬಿದ್ದಿತ್ತು ಅಂತಾದರೆ ಅಲ್ಲಿ ವಾಸವಿದ್ದವರ ಬಗ್ಗೆ ಒಂದು ಮಾತು ಹೇಳುತ್ತಿತ್ತು. ಯಾರೂ ಇದುವರೆಗೆ ಗುರುತಿಸದ ಹೊಸ ಜಾಗದಲ್ಲಿ ಬಿದ್ದಿತ್ತು ಅಂತಾದರೆ ಆ ಜಾಗವನ್ನೇ ತೋರಿಸಿಕೊಡುತ್ತಿತ್ತು. ಈಗ ಏನೂ ಹೇಳಲ್ಲ. ಚೆಂದದ ಕಲ್ಲು, ಅಷ್ಟೇ. ಅದರ ಬಾಯಿ ಕಟ್ಟಿದವನು ನಾನು.

ಆ ಸಂಕಟದಿಂದಲೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ನಾನು ಹೇಳುವುದು ಒಂದೇ ವಿಷಯ. ಹಳೇ ವಸ್ತು ಸಿಕ್ಕರೆ ಅದು ಸಿಕ್ಕ ಜಾಗವನ್ನು ಬರೆದಿಡಿ. ವಸ್ತು ಯಾರ ಹತ್ತಿರ ಇರಬೇಕು, ಅದರ ಬೆಲೆ ಎಷ್ಟು, ಯಾವ ರಾಜನ ಕಾಲದ್ದು, ಇದೆಲ್ಲ ಆಮೇಲೆ ನೋಡೋಣ. ಅದನ್ನು ಹೇಳುವುದಕ್ಕೆ ತಿಳಿದವರು ಇದ್ದಾರೆ. ಎಲ್ಲಿ ಸಿಕ್ಕಿತು ಅಂತ ಹೇಳುವವರು ಮಾತ್ರ ನೀವೊಬ್ಬರೇ. ನೀವು ಮರೆತರೆ ಮುಗಿಯಿತು, ಜಗತ್ತಿನ ಯಾವ ಪಂಡಿತನೂ ಅದನ್ನು ವಾಪಸ್ ತರಲಾರ.

ಜಾಗಕ್ಕೆ ಅಷ್ಟು ಬೆಲೆ ಯಾಕೆ ಅಂತ ಅನಿಸಬಹುದು. ಚಿತ್ತಾಪುರ ತಾಲ್ಲೂಕಿನ ಸನ್ನತಿ ನಿಮಗೆ ಗೊತ್ತು. ಚಂದ್ರಲಾಂಬೆಯ ದರ್ಶನಕ್ಕೆ ನಿಮ್ಮಲ್ಲಿ ಎಷ್ಟೋ ಜನ ಹೋಗಿದ್ದೀರಿ. ಅದೇ ಆವರಣದಲ್ಲಿ ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಚಾವಣಿ ಕುಸಿಯಿತು. ದುರಸ್ತಿ ಮಾಡುವಾಗ ನೋಡಿದರೆ, ದೇವಿಯ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರ. ಮುಂದೆಯೂ ಅಕ್ಷರ, ಹಿಂದೆಯೂ ಅಕ್ಷರ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸಾಮ್ರಾಟ ಅಶೋಕನ ಶಾಸನ! ಯಾವುದೋ ಕಾಲದಲ್ಲಿ ಯಾರೋ ಆ ಕಲ್ಲನ್ನು ಪೀಠ ಮಾಡಿಕೊಂಡಿದ್ದರು. ಮೂರ್ತಿ ಕೂರಿಸುವುದಕ್ಕೆ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಆ ತೂತಿನಲ್ಲಿ ಎಷ್ಟು ಸಾಲು ಹೋಯಿತೋ ಹೋಯಿತು.

ಈಗ ನನ್ನ ಮಾತು ಸ್ವಲ್ಪ ಗಮನವಿಟ್ಟು ಕೇಳಿ. ಆ ಕಲ್ಲಿನ ಮೇಲೆ ಇರುವುದು ಅಶೋಕನ 12ನೇ ಮತ್ತು 14ನೇ ಬಂಡೆ ಶಾಸನಗಳ ಭಾಗ, ಜೊತೆಗೆ ‘ಪ್ರತ್ಯೇಕ ಶಾಸನ’ ಅಂತ ಕರೆಯುವ ಎರಡು ಶಾಸನ. ಈ ಪ್ರತ್ಯೇಕ ಶಾಸನಗಳು ವಿದ್ವಾಂಸರಿಗೆ ಹೊಸವಲ್ಲ. ಅವುಗಳ ಮಾತು ಮೊದಲೇ ಗೊತ್ತಿತ್ತು. ಆದರೆ ಅಲ್ಲಿಯವರೆಗೆ ಅವು ಸಿಕ್ಕಿದ್ದು ಎರಡೇ ಕಡೆ. ಧೌಲಿ ಮತ್ತು ಜೌಗಡ. ಎರಡೂ ಒಡಿಶಾದಲ್ಲಿ, ಅಂದರೆ ಹಳೇ ಕಳಿಂಗದಲ್ಲಿ. ಕಳಿಂಗ ಯುದ್ಧ ಆದ ನಾಡಿಗೆ ಅಂತಲೇ ಬರೆಸಿದ್ದು ಅಂತ ಜನ ಅಂದುಕೊಂಡಿದ್ದರು. ಅದೇ ಮಾತು ಇಲ್ಲಿ ನಮ್ಮ ಭೀಮಾ ದಂಡೆಯ ಮೇಲೆ ಸಿಕ್ಕಿತು. ಹೊಸ ಸುದ್ದಿ ಇದ್ದದ್ದು ಆ ಜಾಗದಲ್ಲಿ. ಯಾರಾದರೂ ಆ ಕಲ್ಲನ್ನು ರಾತ್ರೋರಾತ್ರಿ ಹೊತ್ತುಕೊಂಡು ಹೋಗಿ ಮಾರಿದ್ದರೆ, ಕೊಂಡವನು ಎಲ್ಲಿಯದು ಅಂತ ಹೇಳದಿದ್ದರೆ, ‘ಇದೂ ಒಡಿಶಾದ್ದೇ ಇರಬೇಕು’ ಅಂತ ಬರೆದುಬಿಡುತ್ತಿದ್ದರು ಅಲ್ವಾ? ನಮ್ಮ ಭೀಮಾ ತೀರ ಆ ನಕ್ಷೆಯಲ್ಲಿ ಇರುತ್ತಲೇ ಇರಲಿಲ್ಲ.

ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ರಾಣಿಯ ಜೊತೆ ನಿಂತ ರಾಜನ ಶಿಲ್ಪ ಸಿಕ್ಕಿತು. ಕೆಳಗೆ ‘ರಾಯೋ ಅಸೋಕೋ’, ಅಂದರೆ ರಾಜ ಅಶೋಕ, ಎಂದು ಬರೆದಿದೆ. ಅದನ್ನು ನೋಡುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇದೆಲ್ಲ ದೊಡ್ಡ ದೊಡ್ಡ ಶಾಸನದ ಮಾತಾಯಿತು, ನಮಗೆ ಸಿಗುವುದು ಕಲ್ಲಿನ ಚೂರು, ಗಡಿಗೆಯ ಬೋಕಿ ಅನ್ನಬಹುದು. ಹಾಗಾದರೆ ಯಾದಗಿರಿ ಜಿಲ್ಲೆಯ ಇಸಾಂಪುರಕ್ಕೆ ಬನ್ನಿ. ಹುಣಸಗಿ ಹತ್ತಿರದ ಸಣ್ಣ ಊರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1970ರ ದಶಕದಿಂದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ನಡೆದು ನಡೆದು ಹುಡುಕಿದರು. 1983ರಲ್ಲಿ ಇಸಾಂಪುರದ ಜಾಗ ಗುರುತಿಸಿದರು. ಆದಿಮಾನವರು ಸುಣ್ಣದ ಕಲ್ಲಿನ ಹಾಸುಗಳನ್ನು ಕಿತ್ತು ಕೈಗೊಡಲಿ ಮಾಡುತ್ತಿದ್ದ ಕಾರ್ಖಾನೆ ಅದು. ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಅಂದಾಜು ಮಾಡಿದ್ದಾರೆ.

ಅಲ್ಲಿ ಸಿಕ್ಕಿದ್ದರಲ್ಲಿ ಚೆಂದದ ಕೈಗೊಡಲಿಗಳು ಕಡಿಮೆ. ಒಡೆದ ಚಕ್ಕೆ, ಅರ್ಧ ಮಾಡಿ ಬಿಟ್ಟ ಕಲ್ಲು, ಒಡೆಯಲು ಬಳಸಿದ ಗುಂಡುಕಲ್ಲು, ಇವೇ ಜಾಸ್ತಿ. ನಾನು ನೀವು ನೋಡಿದರೆ ಕಲ್ಲಿನ ರಾಶಿ ಅಂತ ದಾಟಿ ಹೋಗುತ್ತೇವೆ. ಆದರೆ ಒಂದೊಂದು ಚಕ್ಕೆಯೂ ಬಿದ್ದ ಜಾಗದಲ್ಲೇ ಇತ್ತು. ದೊಡ್ಡ ಕಲ್ಲು ಇಲ್ಲಿ, ಅದರಿಂದ ಹಾರಿದ ಚಕ್ಕೆ ಅದರ ಸುತ್ತ. ಅದರಿಂದ ಗೊತ್ತಾಯಿತು, ಅವರು ಇಲ್ಲೇ ಕೂತು, ಇಲ್ಲಿಂದ ಕಲ್ಲು ಎತ್ತಿ, ಹೀಗೆ ಹೀಗೆ ಒಡೆದರು ಅಂತ. ಒಬ್ಬ ಹುಡುಗ ಹೋಗಿ ಚೆಂದದ ನಾಲ್ಕು ಕಲ್ಲು ಆರಿಸಿಕೊಂಡು ಬಂದಿದ್ದರೆ? ನಾನು ಮಾಡಿದ್ದು ಅದೇ ಕೆಲಸ. ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ.

ಹುಣಸಗಿ ಕಡೆ ಈಗ ನಾರಾಯಣಪುರ ಕಾಲುವೆಯ ನೀರು ಬಂದಿದೆ. ಭತ್ತದ ಗದ್ದೆಗೆ ಹೊಲ ಮಟ್ಟ ಮಾಡಬೇಕು. ಜೆಸಿಬಿ ಬರುತ್ತದೆ. ನೀರು ಬಂದದ್ದು ಒಳ್ಳೆಯದೇ, ಆ ಭಾಗದ ಜನ ಎಷ್ಟು ಬರ ಕಂಡಿದ್ದಾರೆ ಅಂತ ನನಗೆ ಗೊತ್ತು. ಹೊಲ ಮಟ್ಟ ಮಾಡಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನನ್ನ ಕೋರಿಕೆ ಸಣ್ಣದು. ಮಣ್ಣು ಎತ್ತುವಾಗ ಬೂದಿ ಬಣ್ಣದ ಮಣ್ಣು, ಎಲುಬು, ಬೋಕಿಯ ರಾಶಿ, ಸಾಲಾಗಿ ನಿಂತ ಕಲ್ಲು ಕಂಡರೆ ಐದು ನಿಮಿಷ ಯಂತ್ರ ನಿಲ್ಲಿಸಿ ಫೋಟೋ ತೆಗೆಯಿರಿ.

ಇನ್ನು ತಾಮ್ರದ ದುಡ್ಡಿನ ಒಂದು ವಿಷಯ.

ಕಾಗಿಣಾ ನದಿ ಕಡೆಯ ಊರಿನ ಒಬ್ಬ ಹಿರಿಯರು ಒಂದು ದಿನ ಮನೆಗೆ ಬಂದರು. ತಂಬಾಕಿನ ಡಬ್ಬಿ ಬಿಚ್ಚಿ ಚಾಪೆಯ ಮೇಲೆ ಸುರಿದರು. ಆರು ತಾಮ್ರದ ನಾಣ್ಯ. ನಾಲ್ಕು ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿದ್ದವು. ನನ್ನ ಎದೆ ಧಸಕ್ ಅಂತು.

“ಕಾಕಾ, ಇವನ್ನ ತೊಳೆದಿರಾ?” ಅಂದೆ.

“ಹೌದ್ರಿ ಸರ. ಹಸಿರಾಗಿ ಜಂಗ್ ಹಿಡ್ದಿತ್ತು. ನಮ್ಮ ಸೊಸಿ ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಟ್ಟಾಳ,” ಅಂದರು.

ತೊಳೆದ ನಾಣ್ಯಗಳನ್ನು ಕೈಗೆ ತಗೊಂಡೆ. ಅರಬ್ಬಿ ಅಕ್ಷರದ ಗೆರೆಗಳು ಅಲ್ಲಲ್ಲಿ ಉಳಿದಿದ್ದವು. ಉಳಿದ ಕಡೆ ಸಪಾಟು. ಅರಬ್ಬಿ, ಫಾರಸಿ ಚೆನ್ನಾಗಿ ಓದುವ ಗೆಳೆಯರೊಬ್ಬರು ಈ ಊರಿನಲ್ಲೇ ಇದ್ದಾರೆ. ಅವರಿಗೆ ತೋರಿಸಿದೆ. ಒಂದರ ಮೇಲೆ ‘ಅಹ್ಮದ್ ಶಾಹ್’ ಅಂತ ಓದಿದರು. ಮುಂದಿನ ಅಕ್ಷರ ಇಲ್ಲ. ಬಹಮನಿ ಸುಲ್ತಾನರಲ್ಲಿ ಅಹ್ಮದ್ ಎಂಬ ಹೆಸರಿನವರು ಒಬ್ಬರಿಗಿಂತ ಜಾಸ್ತಿ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ಒಯ್ದವನು ಒಬ್ಬ ಅಹ್ಮದ್ ಶಾಹ್. ಅವನ ಮಗನೂ ಅಹ್ಮದ್. ಯಾರ ದುಡ್ಡು ಇದು? ಪೂರ್ತಿ ಬಿರುದು ಓದಲಿಕ್ಕಾದರೆ ಹೇಳಬಹುದಿತ್ತು. ಹಿಜರಿ ವರ್ಷ ಉಳಿದಿದ್ದರೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಅದು ಹುಣಸೆ ನೀರಿನ ಜೊತೆ ಬಚ್ಚಲಿಗೆ ಹೋಯಿತು.

ಉಳಿದ ಎರಡು ನಾಣ್ಯ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಬರಲಿಲ್ಲ ಅಂತ ಸೊಸೆ ಹಾಗೇ ಬಿಟ್ಟಿದ್ದಳು. ಮೇಲೆಲ್ಲ ಹಸಿರು ಪದರ. ನಾನು ಭೂತಗನ್ನಡಿ ತಂದು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಆ ಹಸಿರಿನ ಮೇಲೆ ಸಣ್ಣ ಸಣ್ಣ ಚೌಕ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಬಟ್ಟೆಯ ನೇಯ್ಗೆ! ತಾಮ್ರದ ಜಂಗು ಪಕ್ಕದ ಬಟ್ಟೆಯ ಅಚ್ಚನ್ನು ಹಿಡಿದಿಟ್ಟುಕೊಂಡಿತ್ತು. ಬಟ್ಟೆ ಎಂದೋ ಮಣ್ಣಾಗಿದೆ, ಅಚ್ಚು ಉಳಿದಿದೆ. ಅಂದರೆ ಈ ದುಡ್ಡನ್ನು ಯಾರೋ ಬಟ್ಟೆಯಲ್ಲಿ ಕಟ್ಟಿದ್ದರು. ದಾರಿಯಲ್ಲಿ ಜೇಬಿನಿಂದ ಬಿದ್ದದ್ದಲ್ಲ ಇದು. ಗಂಟು ಕಟ್ಟಿ ಇಟ್ಟದ್ದು. ತೊಳೆದ ನಾಲ್ಕರ ಮೇಲೂ ಆ ಅಚ್ಚು ಇದ್ದಿರಬೇಕು.

ಕಾಕಾಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ಅವ್ವನ ಸೀರಿ ಸೆರಗಿನ ಗಂಟ್ ಇದ್ದಂಗ ಅದ ನೋಡ್ರಿ,” ಅಂದರು. ಆಮೇಲೆ ನಾನು ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಹೊಲ ಯಾವುದು, ಸರ್ವೆ ನಂಬರ್ ಎಷ್ಟು, ಬಾವಿಯ ಯಾವ ಮೂಲೆ, ಬೇವಿನ ಗಿಡದಿಂದ ಎಷ್ಟು ಹೆಜ್ಜೆ, ರಂಟೆ ಎಷ್ಟು ಆಳ ಹೋಗಿತ್ತು, ತೊಗರಿ ಬಿತ್ತುವ ಮುಂಚೆಯಾ ಆಮೇಲಾ, ಎಲ್ಲಾ ಹೇಳಿದರು. ಒಂದೂ ತಪ್ಪಲಿಲ್ಲ. ರೈತನಿಗೆ ತನ್ನ ಹೊಲದ ಒಂದೊಂದು ಗೇಣೂ ಗೊತ್ತು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆಯಂತೆ, “ಎಷ್ಟು ರೊಕ್ಕ ಬರ್ತದ?”

ಆದ್ದರಿಂದ ನನ್ನ ಕೈ ಮುಗಿದ ವಿನಂತಿ, ತೊಳೆಯಬೇಡಿ. ಹುಣಸೆಹಣ್ಣು ಬೇಡ, ನಿಂಬೆಹಣ್ಣು ಬೇಡ, ಬೂದಿ ಬೇಡ, ಬ್ರಷ್ ಬೇಡ. ಸನ್ನತಿ ಸುತ್ತ ಶಾತವಾಹನರ ಸೀಸದ ನಾಣ್ಯ ಸಿಗುತ್ತವೆ. ಭಾರ ಇರುತ್ತವೆ, ಬಣ್ಣ ಮಂಕು. ಜನ ಕೆಲಸಕ್ಕೆ ಬಾರದ್ದು ಅಂತ ಬಿಸಾಡುತ್ತಾರೆ. ಹುಳಿ ತಾಗಿದರೆ ಸೀಸ ತಾಮ್ರಕ್ಕಿಂತ ಬೇಗ ಹಾಳಾಗುತ್ತದೆ. ಮಣ್ಣು ಹತ್ತಿದ್ದರೆ ಹತ್ತಿರಲಿ. ಕಾಗದದಲ್ಲಿ ಸುತ್ತಿ ಒಣಗಿದ ಜಾಗದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ನೀರು ಕೂರುತ್ತದೆ.

ಬರೆಯುವುದು ಹೇಗೆ ಅಂತ ಶಿಕ್ಷಕರು ಕೇಳುತ್ತಾರೆ. ಅದಕ್ಕೆ ದೊಡ್ಡ ವಿದ್ಯೆ ಬೇಡ. ನಿಮ್ಮೆಲ್ಲರ ಜೇಬಿನಲ್ಲೂ ಫೋನ್ ಇದೆ. ವಸ್ತು ಕಂಡ ಕೂಡಲೇ ಎತ್ತಬೇಡಿ. ಇದ್ದಲ್ಲೇ ಒಂದು ಫೋಟೋ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಇನ್ನೊಂದು, ಅಳತೆ ತಿಳಿಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಗಿಡ, ಬದು, ಗುಡ್ಡ ಕಾಣುವ ಹಾಗೆ ಮತ್ತೊಂದು. ಫೋನಿನ ನಕ್ಷೆಯಲ್ಲಿ ನೀವು ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಎರಡು ಸಂಖ್ಯೆ ಬರುತ್ತವೆ. ಅವನ್ನು ಬರೆದುಕೊಳ್ಳಿ. ಪಹಣಿಯಲ್ಲಿ ಇರುವ ಸರ್ವೆ ನಂಬರ್, ಹಿಸ್ಸಾ ಬರೆಯಿರಿ. ನಮ್ಮ ರೈತರಿಗೆ ಅದು ತಮ್ಮ ಹೆಸರಿನಷ್ಟೇ ನೆನಪಿರುತ್ತದೆ. ಎಷ್ಟು ಆಳ ಅಂತ ಬರೆಯಿರಿ, ಗೇಣು, ಮೊಳ ಅಂತ ಬರೆದರೂ ನಡೆಯುತ್ತದೆ. ಜೊತೆಗೆ ಏನೇನಿತ್ತು? ಬೋಕಿ, ಎಲುಬು, ಬೂದಿ, ಇಟ್ಟಿಗೆ? ಏನೂ ಇರಲಿಲ್ಲ ಅಂದರೆ ಹಾಗಂತಲೇ ಬರೆಯಿರಿ, ಅದೂ ಒಂದು ಮಾಹಿತಿ. ತಾರೀಖು ಹಾಕಿ. ಕಂಡವರ ಹೆಸರು ಬರೆಯಿರಿ. ಹೊಲದ ಮಾಲೀಕರ ಹೆಸರನ್ನಷ್ಟೇ ಬರೆದು, ಕಳೆ ಕೀಳುವಾಗ ಅದನ್ನು ಕಂಡ ಹೆಣ್ಣುಮಗಳ ಹೆಸರು ಬಿಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅದು ಸರಿಯಲ್ಲ. ಕಂಡವಳು ಅವಳು.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ವಸ್ತುವಿನ ಜೊತೆಗೇ ಇಡಿ. ಪೆನ್ನಿನ ಮಸಿ ನೀರು ತಾಗಿದರೆ ಹರಡುತ್ತದೆ. ಇನ್ನೊಂದು ಪ್ರತಿ ನೋಟ್‌ಬುಕ್ಕಿನಲ್ಲಿ ಇರಲಿ. ಶಾಲೆಯಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟರೆ ಸಾಕು, ಊರಿನ ಸಿಕ್ಕವೆಲ್ಲ ಅದರಲ್ಲಿ ಕೂರುತ್ತವೆ.

ಶಾಸನದ ಕಲ್ಲಿಗೆ ಎಣ್ಣೆ ಬಣ್ಣ ಬಳಿಯುತ್ತಾರೆ, ಅಕ್ಷರ ಕಾಣಲಿ ಅಂತ. ಭಕ್ತಿಯಿಂದಲೇ ಮಾಡುತ್ತಾರೆ. ಆದರೆ ಬಣ್ಣ ಅಕ್ಷರದ ಗುಂಡಿಯನ್ನೇ ತುಂಬಿಬಿಡುತ್ತದೆ. ಓರೆ ಬೆಳಕು ಬೇಕು, ಅಷ್ಟೇ. ಬೆಳಗ್ಗೆ ಏಳಕ್ಕೋ ಸಂಜೆ ಐದಕ್ಕೋ ಫೋಟೋ ತೆಗೆಯಿರಿ. ಇಲ್ಲಾ ರಾತ್ರಿ ಹೋಗಿ ಕಲ್ಲಿನ ಪಕ್ಕದಿಂದ ಬ್ಯಾಟರಿ ಬಿಡಿ. ಮಧ್ಯಾಹ್ನ ಸಪಾಟಾಗಿ ಕಂಡ ಕಲ್ಲು ಸಾಲು ಸಾಲು ಅಕ್ಷರ ತೋರಿಸುತ್ತದೆ.

ಇದೆಲ್ಲ ಓದಿದವರ ಕೆಲಸ ಅಂತ ಅಂದುಕೊಳ್ಳಬೇಡಿ. ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಚಿನ್ನದ ಗಣಿಯ ಇಂಜಿನಿಯರ್. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಅಂತ ಖಚಿತ ಆದದ್ದು ಆ ಕಲ್ಲಿನಿಂದ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಪುರಾತತ್ವ ಕಲಿತವರಲ್ಲ. ಆದರೂ ರಾಜನಕೋಳೂರಿನ ಕಲ್ಲುಮನೆಗಳನ್ನು, ವಿಭೂತಿಹಳ್ಳಿಯಲ್ಲಿ ಸಾಲಾಗಿ ಇಟ್ಟ ಗುಂಡುಗಳನ್ನು, ಜೇವರ್ಗಿ ಕಡೆಯ ಬೃಹತ್ ಶಿಲಾ ಸಮಾಧಿಗಳನ್ನು ನೋಡಿ ಬರೆದರು. ಸಮಾಧಿಯೊಳಗೆ ಏನು ಯಾವ ಮಟ್ಟದಲ್ಲಿ ಇತ್ತು ಅಂತ ಚಿತ್ರ ಬಿಡಿಸಿಟ್ಟರು. ನೂರೈವತ್ತು ವರ್ಷ ದಾಟಿದರೂ ಆ ಚಿತ್ರ ಕೆಲಸಕ್ಕೆ ಬರುತ್ತಿವೆ.

ಬೇರೆ ದೇಶದಲ್ಲಿ ಇದಕ್ಕೆ ವ್ಯವಸ್ಥೆಯೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಒಂದು ಯೋಜನೆ ನಡೆಯುತ್ತಿದೆ. ಜನರಿಗೆ ಹೊಲದಲ್ಲಿ ಹಳೇ ವಸ್ತು ಸಿಕ್ಕರೆ ತಮ್ಮ ಭಾಗದ ಅಧಿಕಾರಿಗೆ ತೋರಿಸುತ್ತಾರೆ. ಅವರು ತೂಕ, ಅಳತೆ, ಫೋಟೋ, ಜಾಗ ಎಲ್ಲಾ ದಾಖಲಿಸುತ್ತಾರೆ. ಕಾನೂನಿನ ಪ್ರಕಾರ ನಿಧಿ ಅಲ್ಲದಿದ್ದರೆ ವಸ್ತುವನ್ನು ವಾಪಸ್ ಕೊಡುತ್ತಾರೆ. ದಾಖಲೆ ಎಲ್ಲರಿಗೂ ಸಿಗುತ್ತದೆ. 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ಅಲ್ಲಿ ಬಹುತೇಕ ಲೋಹಶೋಧಕ ಹಿಡಿದು ಹುಡುಕುವವರೇ ಇವನ್ನು ತರುತ್ತಾರೆ. ಅದನ್ನು ಇಲ್ಲಿ ಮಾಡಿ ಅಂತ ನಾನು ಖಂಡಿತ ಹೇಳಲ್ಲ. ನಮ್ಮ ದೇಶದ ಕಾಯ್ದೆ ಬೇರೆ. ಹಳೇ ಜಾಗವನ್ನು ನಾವೇ ಅಗೆಯುವ ಹಾಗಿಲ್ಲ. ನಾನು ಅವರಿಂದ ಕಲಿತದ್ದು ಇಷ್ಟೇ: ದಾಖಲಿಸುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಈ ಎರಡನ್ನೂ ಬೇರೆ ಬೇರೆ ಮಾಡಿದರೆ ಜನ ತಾವಾಗಿಯೇ ಬರುತ್ತಾರೆ.

ನಮ್ಮಲ್ಲಿ ಜನ ಬಾಯಿ ಬಿಡದೆ ಇರುವುದು ಹೆದರಿಕೆಯಿಂದ. ಆ ಹೆದರಿಕೆಯನ್ನು ನಾನು ತಳ್ಳಿಹಾಕಲ್ಲ. ಪೊಲೀಸ್, ಪಂಚನಾಮೆ, ಕಚೇರಿಗೆ ಅಲೆದಾಟ, ಇವೆಲ್ಲ ಯಾರಿಗೆ ಬೇಕು? ಕಾಯ್ದೆ ಏನು ಹೇಳುತ್ತದೆ ಅಂತ ನೇರವಾಗಿ ಹೇಳುತ್ತೇನೆ. ನೆಲದಲ್ಲಿ ಹೂತಿಟ್ಟ ಬೆಲೆಯುಳ್ಳದ್ದು, ಅಂದರೆ ಬಂಗಾರ, ಬೆಳ್ಳಿ, ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ. ದೇಶದಲ್ಲಿ 1878ರ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯಕ್ಕೆ 1962ರ ತನ್ನದೇ ಕಾಯ್ದೆ ಇದೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಬಚ್ಚಿಟ್ಟರೆ ಅಪರಾಧ. ಆ 1878ರ ಕಾಯ್ದೆ ಕಂಡವರಿಂದ ಕೇಳುವುದು ಮೂರು ವಿಷಯ. ಏನು ಮತ್ತು ಎಷ್ಟು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು. ನೋಡಿ, ನಾನು ಇಷ್ಟು ಹೊತ್ತು ಹೇಳಿದ್ದೂ ಅದೇ. ಬರೆದಿಟ್ಟವರಿಗೆ ಅಲ್ಲಿ ಹೋಗಿ ಮಾತಾಡಲು ಧೈರ್ಯ ಇರುತ್ತದೆ. ತಹಸೀಲ್ದಾರ್ ಕಚೇರಿಗೆ ಹೋದರೆ ಒಬ್ಬರೇ ಹೋಗಬೇಡಿ. ಊರಿನ ಇಬ್ಬರನ್ನು ಕರೆದುಕೊಂಡು ಹೋಗಿ, ಫೋಟೋ ಜೊತೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನು ಕಲ್ಲಿನ, ಲೋಹದ ಹಳೇ ಶಿಲ್ಪಗಳಿಗೆ 1972ರ ಕಾಯ್ದೆ ಇದೆ. ನೂರು ವರ್ಷಕ್ಕಿಂತ ಹಳೆಯದಾದರೆ ನೋಂದಣಿ ಮಾಡಿಸಬೇಕು, ದೇಶದ ಹೊರಗೆ ಸಾಗಿಸುವ ಹಾಗಿಲ್ಲ.

ಒಂದು ಎಚ್ಚರಿಕೆ. ಜಾಗ ಬರೆದಿಡಿ ಅಂದೆ, ಊರಿಗೆಲ್ಲ ಸಾರಿ ಅನ್ನಲಿಲ್ಲ. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಿಧಿಗಳ್ಳರು ಅಮಾವಾಸ್ಯೆ ರಾತ್ರಿ ಬಂದು ಹಾಳು ಗುಡಿಯ ನಂದಿಯನ್ನು ಉರುಳಿಸಿ, ಲಿಂಗ ಕಿತ್ತು ಗುಂಡಿ ತೋಡಿದ್ದನ್ನು ನೀವೂ ನೋಡಿದ್ದೀರಿ. ಕತ್ತು ಮುರಿದ ನಂದಿಯ ಮುಂದೆ ಊರವರು ಅಳುತ್ತಾ ನಿಂತಿದ್ದನ್ನು ನಾನು ನೋಡಿದ್ದೇನೆ. ಇಂಗ್ಲೆಂಡಿನವರೂ ಸಾರ್ವಜನಿಕರಿಗೆ ತೋರಿಸುವ ನಕ್ಷೆಯಲ್ಲಿ ಕರಾರುವಾಕ್ಕಾದ ಜಾಗ ತೋರಿಸಲ್ಲ. ನಿಖರ ಜಾಗ ನೋಟ್‌ಬುಕ್ಕಿನಲ್ಲಿ ಇರಲಿ, ಇಲಾಖೆಯವರಿಗೆ ಹೋಗಲಿ.

ಪೂಜೆಯಲ್ಲಿ ಇರುವ ವಸ್ತುಗಳ ಬಗ್ಗೆಯೂ ಹೇಳಬೇಕು. ಬೇವಿನ ಗಿಡದ ಕಟ್ಟೆಯ ಮೇಲೆ ನಾಗರಕಲ್ಲುಗಳ ಜೊತೆ, ನನ್ನ ಈ ಕೊಡಲಿಯಂಥದ್ದೇ ನುಣುಪು ಕಲ್ಲಿಗೆ ಕುಂಕುಮ ಹಚ್ಚಿರುತ್ತಾರೆ. ಸಿಡಿಲಿನ ಜೊತೆ ಬಿದ್ದ ಕಲ್ಲು ಅಂತಾರೆ. ವೀರಗಲ್ಲು ಹನುಮಪ್ಪ ಆಗಿರುತ್ತಾನೆ. ಅದನ್ನು ಮುಟ್ಟಬೇಡಿ. ಪೂಜೆ ಮಾಡುವವರ ಅಪ್ಪಣೆ ಕೇಳಿ ಫೋಟೋ ತೆಗೆದುಕೊಳ್ಳಿ, ಯಾರು ಎಲ್ಲಿಂದ ತಂದಿಟ್ಟರು ಅಂತ ಕೇಳಿ ಬರೆಯಿರಿ. ಆ ಕಟ್ಟೆ ಅದನ್ನು ನಮಗಿಂತ ಚೆನ್ನಾಗಿ ಕಾಪಾಡಿದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಯುವ ರೈತರೊಬ್ಬರು ಕೇಳಿದರು: “ಸರ, ನಾಣ್ಯ ಸಿಕ್ಕದ ಅಂತ ಬರ್ದ್ ಕೊಟ್ರ ನಮ್ಮ ಹೊಲ ಸರ್ಕಾರ ತಗೋತದೇನ್ರಿ?” ಇಲ್ಲ. ಒಂದು ನಾಣ್ಯ ಸಿಕ್ಕ ಮಾತ್ರಕ್ಕೆ ಹೊಲ ಸಂರಕ್ಷಿತ ಜಾಗ ಆಗಲ್ಲ. ಒಂದು ಜಾಗವನ್ನು ಕೇಂದ್ರ ಸಂರಕ್ಷಿತ ಅಂತ ಮಾಡಬೇಕಾದರೆ ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ ಎರಡು ತಿಂಗಳು ಸಮಯ ಕೊಡಬೇಕು. ಹೊಲದಲ್ಲಿ ಗುಡಿಯ ಅಡಿಪಾಯ, ಸ್ತೂಪದಂಥದ್ದು ಹೊರಬಂದರೆ ಮಾತು ಬೇರೆ, ಅದನ್ನು ಮುಚ್ಚಿಟ್ಟು ಹೇಳಿದರೆ ನಾನು ಸುಳ್ಳುಗಾರ ಆಗುತ್ತೇನೆ.

ಒಬ್ಬ ವಿದ್ಯಾರ್ಥಿನಿ, ಕಲಬುರಗಿಯಲ್ಲಿ ಇಂಥವನ್ನು ಎಲ್ಲಿ ನೋಡಬಹುದು ಅಂತ ಕೇಳಿದಳು. ಇಲ್ಲಿ ಹಳೇ ಗುಮ್ಮಟಗಳ ಒಳಗೇ ಸರ್ಕಾರಿ ಸಂಗ್ರಹಾಲಯ ಇದೆ. ಬೀದರ್ ಕೋಟೆಯಲ್ಲಿ ಹಿಂದೆ ಅರಮನೆಯ ಸ್ನಾನಗೃಹ ಆಗಿದ್ದ ಕಟ್ಟಡದಲ್ಲಿ ಇನ್ನೊಂದಿದೆ. ಹಾಗೇ ಹುಮನಾಬಾದ್ ಕಡೆ ಹೋದರೆ ಜಲಸಂಗಿಯ ಗುಡಿ ನೋಡು ಅಂದೆ. ಅಲ್ಲಿ ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳಿ ಬರೆದ ಸಾಲು ಅದು. ಬರೆಯುವ ಕೈಯನ್ನೇ ಕಲ್ಲಿನಲ್ಲಿ ಕಡೆದಿದ್ದಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ತಾಯಿ ಎದ್ದು ನಿಂತರು. ಜೇವರ್ಗಿ ತಾಲ್ಲೂಕಿನವರು. “ಯಪ್ಪಾ, ನಮ್ಮ ಮನಿ ಬಚ್ಚಲದಾಗ ಅರಿಬಿ ಒಗಿಯೋ ಕಲ್ಲದ. ನಮ್ಮ ಅತ್ತಿ ಕಾಲದ್ದು. ಅದರ ಕೆಳಗಿನ ಮಗ್ಗುಲಿಗಿ ಏನೋ ಗೀರ್ ಗೀರ್ ಬರ್ದಂಗ ಅದ. ಕೈ ಆಡ್ಸಿದ್ರ ಗೊತ್ತಾಗ್ತದ,” ಅಂದರು. ಎಷ್ಟು ಸಾಲು ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದರು. “ಐದೋ ಆರೋ ಇರ್ಬೇಕು.”

ಅವರ ಊರಿನ ಹೆಸರು ಬರೆದುಕೊಂಡಿದ್ದೇನೆ. ಅತ್ತೆಯ ತವರಿನಿಂದ ಬಂದ ಕಲ್ಲಾ, ಅದೇ ಊರಿನದ್ದಾ, ಯಾವ ಹೊಲದಿಂದ ತಂದರು ಅಂತ ಮನೆಯ ಹಿರಿಯರನ್ನು ಕೇಳಿಡಿ ಅಂತ ಹೇಳಿದ್ದೇನೆ. ಭಾನುವಾರ ಹೋಗುತ್ತೇವೆ. ಅಲ್ಲಿಯ ತನಕ ಆ ಕಲ್ಲನ್ನು ಮಗುಚುವುದು ಬೇಡ, ಸೋಪು ಹಚ್ಚಿ ತಿಕ್ಕುವುದೂ ಬೇಡ ತಾಯಿ. ನಾವು ಬ್ಯಾಟರಿ ತರುತ್ತೇವೆ.